ಗ್ರೇಡ್ ಆದ ನಾಣ್ಯ: ಯಾವ ಸ್ಲ್ಯಾಬ್ ಯಾರಿಗೆ, ಏಕೆ?

[ದೃಶ್ಯ: ಕಪ್ಪು ಬಟ್ಟೆಯ ಮೇಲೆ ಎರಡು ಮಾರ್ಗನ್ ಡಾಲರ್. ಎರಡೂ ಎಂಎಸ್ 65, ಅಂದರೆ ಚಲಾವಣೆಗೆ ಬಾರದ ನಾಣ್ಯಕ್ಕೆ ಕೊಡುವ ಒಂದು ದರ್ಜೆ. ಒಂದರ ಸುತ್ತ ಪಾರದರ್ಶಕ ಉಂಗುರ, ಇನ್ನೊಂದರ ಸುತ್ತ ಬಿಳಿ ತಟ್ಟೆ.]

ನಮಸ್ಕಾರ. ಈ ಎರಡು ಬೆಳ್ಳಿ ಡಾಲರ್‌ಗಳ ಇಸವಿ ಒಂದೇ, ಟಂಕಸಾಲೆ ಒಂದೇ, ಲೇಬಲ್ ಮೇಲಿನ ದರ್ಜೆಯೂ ಒಂದೇ. ಆದರೂ ಹರಾಜಿನಲ್ಲಿ ಎರಡಕ್ಕೂ ಒಂದೇ ಬೆಲೆ ಬರುತ್ತದೆ ಎನ್ನುವಂತಿಲ್ಲ. ನಾಣ್ಯ ಯಾವ ಪ್ಲಾಸ್ಟಿಕ್ ಒಳಗಿದೆ ಎಂಬುದಕ್ಕೂ ಸಂಗ್ರಾಹಕರು ದುಡ್ಡು ಕೊಡುತ್ತಾರೆ. ಆ ದುಡ್ಡು ಎಲ್ಲಿ ಸಾರ್ಥಕ, ಎಲ್ಲಿ ದಂಡ ಎಂಬುದನ್ನು ಇವತ್ತು ಬಿಡಿಸಿ ನೋಡೋಣ.

ಮೊದಲು ಸ್ವಲ್ಪ ಹಿನ್ನೆಲೆ. ಅಮೆರಿಕದ ಪಿಸಿಜಿಎಸ್ ಸಂಸ್ಥೆ 1986ರಲ್ಲಿ ನಾಣ್ಯಗಳನ್ನು ಪರೀಕ್ಷಿಸಿ, 1ರಿಂದ 70ರವರೆಗಿನ ಶೆಲ್ಡನ್ ಮಾಪಕದಲ್ಲಿ ದರ್ಜೆ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡಲು ಶುರುಮಾಡಿತು. 1987ರಲ್ಲಿ ಎನ್‌ಜಿಸಿ ಬಂತು. ಎಎನ್‌ಎಸಿಎಸ್ ಇವೆರಡಕ್ಕಿಂತ ಹಳೆಯದು, ಆದರೆ ಅದು ಮೊದಲು ಫೋಟೊ ಇರುವ ಪ್ರಮಾಣಪತ್ರ ಕೊಡುತ್ತಿತ್ತು. ಪ್ಲಾಸ್ಟಿಕ್‌ಗೆ ಬಂದದ್ದು ಆಮೇಲೆ. ಈ ಪೆಟ್ಟಿಗೆಗೇ ಸ್ಲ್ಯಾಬ್ ಎನ್ನುತ್ತಾರೆ. ಸುಮಾರು 6 ಸೆಂಟಿಮೀಟರ್ ಅಗಲ, 8.5 ಸೆಂಟಿಮೀಟರ್ ಎತ್ತರ. ಎರಡು ಹೋಳುಗಳನ್ನು ಶ್ರವಣಾತೀತ ಕಂಪನದಿಂದ ಬೆಸೆದಿರುತ್ತಾರೆ. ಅಂಟು ಇಲ್ಲ, ತಿರುಪು ಇಲ್ಲ. ಒಡೆಯದೆ ತೆರೆಯಲಾಗದಂತೆ ಮಾಡುವುದೇ ಉದ್ದೇಶ.

[ದೃಶ್ಯ: ಸ್ಲ್ಯಾಬ್‌ನ ಅಡ್ಡಕೊಯ್ತದ ಚಿತ್ರ. ಹೊರ ಕವಚ, ಒಳ ಉಂಗುರ, ನಾಣ್ಯ.]

ಜನರ ಒಲವು ಕವಲೊಡೆಯುವುದು ಒಳಗಿನ ಹಿಡಿತದಲ್ಲಿ. ಪಿಸಿಜಿಎಸ್‌ನಲ್ಲಿ ನಾಣ್ಯದ ಸುತ್ತ ಪಾರದರ್ಶಕ ಉಂಗುರವಿರುತ್ತದೆ. ಎನ್‌ಜಿಸಿಯಲ್ಲಿ ನಾಣ್ಯ ಬಿಳಿ ತಟ್ಟೆಯ ನಡುವೆ ಕೂರುತ್ತದೆ. ನೇರಳೆ, ನೀಲಿ, ಚಿನ್ನದ ಬಣ್ಣದ ಟೋನಿಂಗ್, ಅಂದರೆ ಕಾಲಕ್ರಮದಲ್ಲಿ ಮೇಲ್ಮೈಗೆ ಏರುವ ಬಣ್ಣ, ಬಂದ ಬೆಳ್ಳಿ ನಾಣ್ಯ ಬಿಳಿಯ ನಡುವೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ ಎನ್ನುವವರಿದ್ದಾರೆ. ಬಿಳಿ ಬಣ್ಣವೇ ಕಣ್ಣನ್ನು ಎಳೆದುಕೊಂಡು ನಾಣ್ಯವನ್ನು ಕಪ್ಪಾಗಿಸುತ್ತದೆ ಎನ್ನುವವರೂ ಇದ್ದಾರೆ. ಫೋಟೊದ ಮಟ್ಟಿಗೆ ಎರಡನೆಯವರ ಮಾತು ಸರಿ. ಮೊಬೈಲ್ ಕ್ಯಾಮೆರಾ ಬಿಳಿ ತಟ್ಟೆ ಕಂಡ ಕೂಡಲೇ ಬೆಳಕು ತಗ್ಗಿಸಿಬಿಡುತ್ತದೆ, ನಾಣ್ಯ ಇದ್ದುದಕ್ಕಿಂತ ಮಂಕಾಗಿ ಬರುತ್ತದೆ. ಹಾಗಾಗಿ ಮಾರುವವರ ಫೋಟೊದಲ್ಲಿ ಎನ್‌ಜಿಸಿ ನಾಣ್ಯ ಕಪ್ಪಾಗಿ ಕಂಡರೆ ಅಲ್ಲಿಗೇ ಕೈಬಿಡಬೇಡಿ. ಇನ್ನೊಂದು ಫೋಟೊ ಕೇಳಿ, ನಾಣ್ಯದ ಮೇಲೆ ಬೆರಳಿಟ್ಟು ಫೋಕಸ್ ಮಾಡಿ ತೆಗೆಯಲು ಹೇಳಿ.

ನಮ್ಮ ಲೆಕ್ಕದಲ್ಲಿ ಬಣ್ಣಕ್ಕಿಂತ ದೊಡ್ಡ ವಿಷಯ ಅಂಚು. ನಾಣ್ಯಕ್ಕೆ ಮುಖ, ಬೆನ್ನು ಅಷ್ಟೇ ಇರುವುದಲ್ಲ, ಮೂರನೆಯದೊಂದು ಮೈ ಇದೆ. ಸುತ್ತಲೂ ತಬ್ಬಿ ಹಿಡಿಯುವ ಉಂಗುರ ಅದನ್ನು ಪೂರ್ತಿ ಮುಚ್ಚಿಬಿಡುತ್ತದೆ. ಅಮೆರಿಕದಲ್ಲಿ ಇದು ಎದ್ದು ಕಂಡದ್ದು 2007ರಲ್ಲಿ, ಅಧ್ಯಕ್ಷರ ಚಿತ್ರವಿರುವ ಡಾಲರ್‌ಗಳು ಬಂದಾಗ. ಅವುಗಳ ಇಸವಿ, ಟಂಕಸಾಲೆಯ ಗುರುತು ಇರುವುದೇ ಅಂಚಿನ ಮೇಲೆ. ಅಂಚಿನಲ್ಲಿ ಬರಹವೇ ಬೀಳದ ತಪ್ಪು ನಾಣ್ಯಗಳೂ ಆ ವರ್ಷ ಹೊರಬಂದವು. ಅಂಚು ಕಾಣದ ಪೆಟ್ಟಿಗೆಯಲ್ಲಿ ಅಂಥ ನಾಣ್ಯ ಇಟ್ಟು ಏನು ಪ್ರಯೋಜನ? ಉಂಗುರದ ಬದಲು ಮೂರು ನಾಲ್ಕು ಪುಟ್ಟ ಹಲ್ಲುಗಳು ನಾಣ್ಯವನ್ನು ಹಿಡಿದಿರುವ ಪೆಟ್ಟಿಗೆಗೆ ಬೇಡಿಕೆ ಬಂದದ್ದು ಹೀಗೆ.

[ದೃಶ್ಯ: ವಿಕ್ಟೋರಿಯಾ ರೂಪಾಯಿ, ಕಿರೀಟದ ನೇರ ಮೇಲೆ ಅಂಚಿನಲ್ಲಿ ಅರ ಹಾಕಿದ ಗುರುತು.]

ಇಂಡಿಯಾದ ನಾಣ್ಯ ಕೊಳ್ಳುವವರಿಗಂತೂ ಅಂಚು ಕಾಣಲೇಬೇಕು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ, ಅಂದರೆ 11.66 ಗ್ರಾಂ ತೂಕದ್ದು, ನಮ್ಮ ಮನೆಗಳಲ್ಲಿ ಕೊರಳ ಸರವಾಗಿಯೂ ಬಾಳಿದೆ. ಕೊಂಡಿ ಬೆಸೆದು ಪದಕ ಮಾಡಿಕೊಂಡು, ಮುಂದೆ ಯಾರೋ ಅದನ್ನು ಬಿಡಿಸಿ, ಅರದಿಂದ ಉಜ್ಜಿ ಸಮ ಮಾಡಿರುತ್ತಾರೆ. ಗುರುತು ಸಾಮಾನ್ಯವಾಗಿ ಗಡಿಯಾರದ 12 ಗಂಟೆಯ ಜಾಗದಲ್ಲಿ, ಅಂಚಿನ ಮೇಲೇ ಇರುತ್ತದೆ. ಗ್ರೇಡಿಂಗ್ ಸಂಸ್ಥೆಗಳು ಇದನ್ನು ಹಿಡಿದರೆ ಅಂಕಿ ಕೊಡುವುದಿಲ್ಲ, ‘ಮೌಂಟ್ ರಿಮೂವ್ಡ್’ ಎಂದು ಬರೆದು ಡೀಟೇಲ್ಸ್ ದರ್ಜೆಗೆ ಇಳಿಸುತ್ತವೆ. ಲೇಬಲ್ ಮೇಲೆ ‘ಡೀಟೇಲ್ಸ್’ ಎಂಬ ಪದ ಕಂಡರೆ ಕಾರಣವನ್ನು ಓದದೆ ಮುಂದೆ ಹೋಗಬೇಡಿ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ ನಾಣ್ಯಕ್ಕೂ ಇದೇ ಗತಿ, ಅಲ್ಲಿ ‘ಕ್ಲೀನ್ಡ್’ ಎಂದಿರುತ್ತದೆ. 1940ರ ನಂತರದ ಆರನೇ ಜಾರ್ಜ್ ರೂಪಾಯಿಗಳಲ್ಲಿ ನಕಲು ತಡೆಯಲೆಂದು ಅಂಚಿನ ಗೆರೆಗಳ ನಡುವೆ ಒಂದು ಕೊರೆ ಹಾಕಿದ್ದರು. ಅದನ್ನು ಕಣ್ಣಾರೆ ನೋಡಬೇಕೆಂದರೂ ಹಲ್ಲಿನ ಹಿಡಿತವೇ ಬೇಕು.

ಹಲ್ಲಿನ ಹಿಡಿತದಲ್ಲೂ ಕೊರತೆ ಇದೆ. ಹಲ್ಲು ಕೂತ ಜಾಗದಲ್ಲಿ ರಿಮ್‌ನ, ಅಂದರೆ ಮುಖದ ಸುತ್ತಲಿನ ಉಬ್ಬು ಗೆರೆಯ, ಒಂದು ಚೂರು ಮರೆಯಾಗುತ್ತದೆ, ಫೋಟೊದಲ್ಲಿ ಅಲ್ಲಿ ನೆರಳು ಬೀಳುತ್ತದೆ. ಆ ನೆರಳನ್ನೇ ಪೆಟ್ಟು ಎಂದು ತಿಳಿದು ಒಳ್ಳೆಯ ನಾಣ್ಯ ಬಿಟ್ಟುಬಿಡುವುದುಂಟು. ಅದಕ್ಕೂ ಮಿಗಿಲಾಗಿ, ನಿಜವಾದ ಪೆಟ್ಟೇ ಹಲ್ಲಿನ ಕೆಳಗೆ ಅಡಗಿರಬಹುದು. ಎರಡೂ ಕಡೆಯಿಂದ ಓರೆಯಾಗಿ ಹಿಡಿದು ನೋಡಬೇಕು.

[ದೃಶ್ಯ: ಹಳೆಯ ಚಿಕ್ಕ ಸ್ಲ್ಯಾಬ್. ಅಲುಗಾಡಿಸಿದಾಗ ಟಕಟಕ ಸದ್ದು.]

ಈಗ ಹಳೆಯ ಪೆಟ್ಟಿಗೆಗಳ ಮೋಹಕ್ಕೆ ಬರೋಣ. ಪಿಸಿಜಿಎಸ್‌ನ ಮೊದಲ ಸ್ಲ್ಯಾಬ್‌ಗಳು, 1986ರಿಂದ 1989ರವರೆಗಿನವು, ಗಾತ್ರದಲ್ಲಿ ಚಿಕ್ಕವು. ಒಳಗೆ ನಾಣ್ಯ ಸಡಿಲವಾಗಿ ಅಲುಗುತ್ತದೆ. ಅದಕ್ಕೇ ಅವಕ್ಕೆ ‘ರ‍್ಯಾಟ್ಲರ್’ ಎಂಬ ಹೆಸರು. ಒಂದರ ಮೇಲೊಂದು ಜೋಡಿಸಲು ಬೇಕಾದ ಉಬ್ಬು ಅಂಚು ಅವಕ್ಕಿಲ್ಲ, ಜಾರುತ್ತವೆ. ಆಮೇಲೆ 1998ರವರೆಗೆ ಬಂದವು ತಿಳಿಹಸಿರು ಲೇಬಲ್‌ನವು. ಸಂಗ್ರಾಹಕರು ಅದನ್ನು ಓಜಿಎಚ್, ಅಂದರೆ ‘ಓಲ್ಡ್ ಗ್ರೀನ್ ಹೋಲ್ಡರ್’ ಎನ್ನುತ್ತಾರೆ. ಎನ್‌ಜಿಸಿಯ ಹಳೆಯ ದಪ್ಪ ಸ್ಲ್ಯಾಬ್‌ಗೆ ‘ಫ್ಯಾಟಿ’ ಎಂಬ ಅಡ್ಡಹೆಸರು. ಅದಕ್ಕೂ ಮುಂಚೆ 1987ರಲ್ಲಿ ಎನ್‌ಜಿಸಿ ಕೆಲಕಾಲ ಕಪ್ಪು ತಟ್ಟೆ ಬಳಸಿ, ಬೇಗನೆ ಬಿಳಿಗೆ ಬದಲಾಯಿಸಿತು. ಆ ಕಪ್ಪು ಪೆಟ್ಟಿಗೆಗಳು ಉಳಿದಿರುವುದೇ ಕೆಲವು. ಅವುಗಳಲ್ಲಿ ಒಳಗಿನ ನಾಣ್ಯಕ್ಕಿಂತ ಪೆಟ್ಟಿಗೆಗೇ ಹೆಚ್ಚು ಬೆಲೆ ಬರುವುದುಂಟು.

ಇವಕ್ಕೆ ಹೆಚ್ಚು ಕೊಡುವವರ ತರ್ಕ ಹೀಗಿದೆ. ಆಗ ದರ್ಜೆ ಬಿಗಿಯಾಗಿ ಕೊಡುತ್ತಿದ್ದರು, ಅಂದಿನ 64 ಇಂದು 65 ಆಗಬಹುದು. ಜೊತೆಗೆ, ಮೂವತ್ತು ವರ್ಷ ಪೆಟ್ಟಿಗೆಯಲ್ಲಿದ್ದೂ ನಾಣ್ಯದ ಬಣ್ಣ ಕೆಟ್ಟಿಲ್ಲವೆಂದರೆ ಮೇಲ್ಮೈಯನ್ನು ನಂಬಬಹುದು. ಎರಡನೆಯ ಮಾತಿಗೆ ನಮ್ಮ ಪೂರ್ಣ ಒಪ್ಪಿಗೆ ಇದೆ. ರಾಸಾಯನಿಕದಲ್ಲಿ ಅದ್ದಿ ಸರಿಯಾಗಿ ತೊಳೆಯದೆ ಬಿಟ್ಟ ನಾಣ್ಯ ಇಷ್ಟು ವರ್ಷ ಸುಮ್ಮನಿರುವುದಿಲ್ಲ, ಕಲೆ ಎದ್ದೇಳುತ್ತದೆ. ಮೊದಲನೆಯ ಮಾತನ್ನು ಮಾತ್ರ ಎಚ್ಚರದಿಂದ ಕೇಳಬೇಕು. ಈ ಮೂವತ್ತು ವರ್ಷದಲ್ಲಿ ಆ ನಾಣ್ಯ ಎಷ್ಟೋ ಪರಿಣತ ವ್ಯಾಪಾರಿಗಳ ಕೈ ದಾಟಿ ಬಂದಿದೆ. ಒಂದು ದರ್ಜೆ ಏರುವಂತಿದ್ದರೆ ಅವರಲ್ಲಿ ಒಬ್ಬರಾದರೂ ಒಡೆದು ಮತ್ತೆ ಕಳಿಸಿರುತ್ತಿದ್ದರು. ಹಳೆಯ ಪೆಟ್ಟಿಗೆಯಲ್ಲೇ ಉಳಿದಿದೆ ಎಂದರೆ ಏರಲಾರದು ಎಂದು ಅವರೆಲ್ಲ ತೀರ್ಮಾನಿಸಿರುವ ಸಾಧ್ಯತೆಯೇ ಹೆಚ್ಚು. ಹಸಿರು ಲೇಬಲ್ ನೋಡಿ ಮುಂದಿನ ದರ್ಜೆಯ ಬೆಲೆ ಕೊಡಬೇಡಿ.

ಇದಕ್ಕೆ ಒಂದು ಹೊರಗಿನ ಸಾಕ್ಷಿ ಸಿಗುತ್ತದೆ. 2007ರಲ್ಲಿ ಜಾನ್ ಅಲ್ಬನೀಸ್ ಶುರುಮಾಡಿದ ಸಿಎಸಿ ಸಂಸ್ಥೆ, ಬೇರೆಯವರ ಸ್ಲ್ಯಾಬ್‌ನಲ್ಲಿರುವ ನಾಣ್ಯವನ್ನು ಮತ್ತೊಮ್ಮೆ ನೋಡಿ ಸ್ಟಿಕ್ಕರ್ ಹಚ್ಚುತ್ತದೆ. ಎನ್‌ಜಿಸಿಯನ್ನು ಸ್ಥಾಪಿಸಿದವರೂ ಅವರೇ. ಹಸಿರು ಸ್ಟಿಕ್ಕರ್ ಎಂದರೆ ಕೊಟ್ಟ ದರ್ಜೆಗೆ ನಾಣ್ಯ ಗಟ್ಟಿಯಾಗಿದೆ ಎಂದು. ಚಿನ್ನದ ಸ್ಟಿಕ್ಕರ್ ಎಂದರೆ ಅದು ಇನ್ನೂ ಮೇಲಿನ ದರ್ಜೆಗೆ ಯೋಗ್ಯ ಎಂದು. ಹಳೆಯ ಸ್ಲ್ಯಾಬ್‌ಗೆ ಹೆಚ್ಚು ಕೊಡಲೇಬೇಕೆಂದರೆ ಈ ಸ್ಟಿಕ್ಕರ್ ಇರುವುದಕ್ಕೆ ಕೊಡಿ. ಹಾಗೆ ಕೊಂಡದ್ದನ್ನು ಹೊಸ ಪೆಟ್ಟಿಗೆಗೆ ಬದಲಾಯಿಸಲು ಮಾತ್ರ ಕಳಿಸಬೇಡಿ. ಗೀರು ಬಿದ್ದಿದೆ ಎಂದು ಕಳಿಸಿದರೆ ಹೊಳೆಯುವ ಹೊಸ ಸ್ಲ್ಯಾಬ್ ಬರುತ್ತದೆ, ಆದರೆ ಹಳೆಯ ಪೆಟ್ಟಿಗೆಗೆಂದು ಹೆಚ್ಚು ಕೊಟ್ಟ ದುಡ್ಡು ಹೋಯಿತು.

ಹೊಸ ಸ್ಲ್ಯಾಬ್ ಕೊಳ್ಳುವವರು ಇನ್ನೊಂದು ಯೋಚಿಸಬೇಕು. ಸಂಗ್ರಾಹಕರು ತಮ್ಮ ನಾಣ್ಯಗಳನ್ನು ದಾಖಲಿಸಿ ಯಾರ ಸಂಗ್ರಹ ಮೇಲು ಎಂದು ಪೈಪೋಟಿ ನಡೆಸುವ ಪಿಸಿಜಿಎಸ್‌ನ ರಿಜಿಸ್ಟ್ರಿ ಸ್ಪರ್ಧೆಗೆ ಪಿಸಿಜಿಎಸ್ ನಾಣ್ಯ ಮಾತ್ರ ಸೇರುತ್ತದೆ. ಆ ದಾರಿಯಲ್ಲಿ ಇರುವವರಿಗೆ ಆಯ್ಕೆಯೇ ಇಲ್ಲ. ಉಳಿದವರು ಎರಡನ್ನೂ ಬೆರೆಸಿ ಇಡಬಹುದು. ಡಬ್ಬ ಕೊಳ್ಳುವಾಗ ಮಾತ್ರ ನೋಡಿ: 20 ಸ್ಲ್ಯಾಬ್ ಹಿಡಿಯುವ ಡಬ್ಬಗಳು ಸಿಗುತ್ತವೆ, ಆದರೆ ಎಲ್ಲ ಸ್ಲ್ಯಾಬ್‌ಗಳ ದಪ್ಪ ಒಂದೇ ಅಲ್ಲ. ರ‍್ಯಾಟ್ಲರ್ ಸಡಿಲವಾಗುತ್ತದೆ, ದಪ್ಪನೆಯದು ಬಿಗಿಯಾಗಿ ಸಿಕ್ಕಿಕೊಂಡು ಎಳೆಯುವಾಗ ಮೂಲೆ ಮುಕ್ಕಾಗುತ್ತದೆ.

[ದೃಶ್ಯ: ಲೂಪ್ ಎಂಬ ಪುಟ್ಟ ಭೂತಗನ್ನಡಿಯ ಮೂಲಕ ಒಂದು ಗೀರು. ಫೋಕಸ್ ಪ್ಲಾಸ್ಟಿಕ್‌ನಿಂದ ನಾಣ್ಯಕ್ಕೆ ಇಳಿಯುತ್ತದೆ.]

ಗೀರು ಪ್ಲಾಸ್ಟಿಕ್ ಮೇಲಿದೆಯೋ ನಾಣ್ಯದ ಮೇಲಿದೆಯೋ ತಿಳಿಯುವುದು ಹೇಗೆ? 5 ಪಟ್ಟಿನ ಲೂಪ್ ಹಿಡಿದು ಮೊದಲು ಗೀರು ಸ್ಪಷ್ಟವಾಗಿ ಕಾಣುವಂತೆ ಮಾಡಿ. ಆಗ ನಾಣ್ಯದ ಅಕ್ಷರಗಳು ಮಸುಕಾಗಿದ್ದರೆ ಗೀರು ಪ್ಲಾಸ್ಟಿಕ್‌ನದು. ಅಕ್ಷರವೂ ಗೀರೂ ಒಟ್ಟಿಗೆ ಸ್ಪಷ್ಟವಾದರೆ ನಾಣ್ಯದ್ದೇ. ಸ್ಲ್ಯಾಬ್ ಓಲಾಡಿಸಿದಾಗ ಗೀರು ನಾಣ್ಯದ ಚಿತ್ರದ ಮೇಲೆ ಅತ್ತಿತ್ತ ಸರಿದರೂ ಅದು ಪ್ಲಾಸ್ಟಿಕ್‌ನದು.

ಪ್ಲಾಸ್ಟಿಕ್‌ನ ಸಣ್ಣ ಗೀರನ್ನು ಮನೆಯಲ್ಲೇ ತೆಗೆಯಬಹುದು. ಗಾಳಿ ಊದುವ ರಬ್ಬರ್ ಬಲ್ಬ್‌ನಿಂದ ಧೂಳು ಹಾರಿಸಿ. ಒಣ ಬಟ್ಟೆಯಲ್ಲಿ ಒರೆಸಿದರೆ ಅದೇ ಧೂಳು ಹೊಸ ಗೀರು ಹಾಕುತ್ತದೆ. ಬೆಸುಗೆಯ ಗೆರೆಯ ಸುತ್ತ, ಹಾಲೊಗ್ರಾಮ್ ಮತ್ತು ಸ್ಟಿಕ್ಕರ್ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ, ಪಾಲಿಶ್ ಒಳಗೆ ಇಳಿಯಬಾರದು. ಕಾರಿನ ಹೆಡ್‌ಲೈಟ್‌ಗೆ ಬಳಸುವ ಪ್ಲಾಸ್ಟ್‌ಎಕ್ಸ್‌ನಂಥ ಪ್ಲಾಸ್ಟಿಕ್ ಪಾಲಿಶ್ ಕಡಲೆಬೇಳೆಯಷ್ಟು ಸಾಕು. ಮೈಕ್ರೊಫೈಬರ್ ಬಟ್ಟೆಯಲ್ಲಿ ಹಗುರವಾಗಿ ಒಂದೆರಡು ನಿಮಿಷ ಉಜ್ಜಿ, ಬೇರೆ ಬಟ್ಟೆಯಲ್ಲಿ ಒರೆಸಿ, ಬೇಕಾದರೆ ಮತ್ತೊಮ್ಮೆ ಮಾಡಿ. ಉಗುರಿಗೆ ತಾಗುವಷ್ಟು ಆಳದ ಗೀರು ಹೋಗುವುದಿಲ್ಲ. ಅಸಿಟೋನ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಮುಟ್ಟಿಸಬೇಡಿ. ಪ್ಲಾಸ್ಟಿಕ್ ಕರಗಿ ಮಂಜುಗಟ್ಟುತ್ತದೆ, ಅದಕ್ಕೆ ಮದ್ದಿಲ್ಲ.

ಈಗ ಅತಿ ಮುಖ್ಯವಾದ ವಿಷಯ. ಸ್ಲ್ಯಾಬ್ ಗಾಳಿಯಾಡದ ಪೆಟ್ಟಿಗೆ ಅಲ್ಲ. ಕೈಯ ಬೆವರು, ಉಜ್ಜಾಟ, ಬೀಳುವಿಕೆ ಇವುಗಳಿಂದ ಅದು ಕಾಪಾಡುತ್ತದೆ. ಆದರೆ ಬೆಸುಗೆಯ ಗೆರೆಯಲ್ಲಿ ತೇವ, ಗಂಧಕದ ಅನಿಲ ನಿಧಾನವಾಗಿ ಒಳಗೆ ಹೋಗುತ್ತವೆ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ತಾಮ್ರದ ಕೆಂಪು ಕಂದಾಗುವುದೂ ನಿಲ್ಲುವುದಿಲ್ಲ. 2010ರಿಂದ ಪಿಸಿಜಿಎಸ್ ತಾಮ್ರದ ನಾಣ್ಯದ ಬಣ್ಣಕ್ಕೆ ಖಾತರಿ ಕೊಡುವುದನ್ನೇ ನಿಲ್ಲಿಸಿತು. ಅಚ್ಚ ಕೆಂಪು ತಾಮ್ರಕ್ಕೆ ದೊಡ್ಡ ಬೆಲೆ ಕೊಡುವವರು ಇದನ್ನು ಗಟ್ಟಿಯಾಗಿ ನೆನಪಿಡಿ. ಹೊಸ ಬೆಳ್ಳಿ ನಾಣ್ಯಗಳಲ್ಲಿ, ಉದಾಹರಣೆಗೆ ಕೆನಡಾದ ಮೇಪಲ್ ಲೀಫ್‌ನಲ್ಲಿ, 70 ದರ್ಜೆ ಬಂದ ಮೇಲೂ ಸ್ಲ್ಯಾಬ್ ಒಳಗೇ ಹಾಲಿನ ಹನಿಯಂಥ ಬಿಳಿ ಕಲೆ ಏಳುವುದುಂಟು. ಅದು ಹೊರಗಿನಿಂದ ಬಂದದ್ದಲ್ಲ, ತಯಾರಿಕೆಯಲ್ಲೇ ಸೇರಿಕೊಂಡದ್ದು.

[ದೃಶ್ಯ: ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್ ಪೊಟ್ಟಣ, ಪುಟ್ಟ ತೇವಾಂಶ ಮಾಪಕ.]

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮಳೆಗಾಲದಲ್ಲಿ ಸ್ಲ್ಯಾಬ್ ನಂಬಿ ಸುಮ್ಮನಿರುವಂತಿಲ್ಲ. ರಬ್ಬರ್ ಗ್ಯಾಸ್ಕೆಟ್ ಇಲ್ಲದೆ ಬಿಗಿಯಾಗಿ ಮುಚ್ಚುವ ಡಬ್ಬ ತನ್ನಿ, ಏಕೆಂದರೆ ರಬ್ಬರ್‌ನಲ್ಲೇ ಗಂಧಕವಿದೆ. 20 ಸ್ಲ್ಯಾಬ್‌ಗೆ 50 ಗ್ರಾಂ ಸಿಲಿಕಾ ಜೆಲ್ ಇಡಿ. ತೇವಾಂಶ ಶೇ 40ರಿಂದ 50ರ ಆಸುಪಾಸಿನಲ್ಲಿದ್ದರೆ ಸಾಕು. ನೀಲಿ ಹರಳು ಗುಲಾಬಿಗೆ ತಿರುಗಿದರೆ ಅದು ತುಂಬಿತು ಎಂದರ್ಥ, ಹೊಸದು ಹಾಕಿ. ಡಬ್ಬದೊಳಗೆ ನ್ಯೂಸ್‌ಪೇಪರ್, ರಟ್ಟು, ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್ ಬೇಡ. ಗೀರು ಬೀಳದಿರಲೆಂದು ಮೇಲೆ ಹಾಕುವ ಮೆತ್ತನೆ ಚೀಲ ಪಾಲಿಥಿನ್ ಅಥವಾ ಪಾಲಿಪ್ರೊಪಿಲೀನ್‌ನದಾಗಿರಲಿ. ಹೊಸ ರೇನ್‌ಕೋಟಿನಂತೆ ವಾಸನೆ ಹೊಡೆಯುವ ಪಿವಿಸಿ ಚೀಲ ಕಾಲಕ್ರಮದಲ್ಲಿ ಜಿಗುಟಾಗುತ್ತದೆ.

ನಕಲಿ ಸ್ಲ್ಯಾಬ್ ಬಗ್ಗೆ ಒಂದು ಮಾತು. ಲೇಬಲ್ ಮೇಲಿನ ಪ್ರಮಾಣಪತ್ರ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡುವುದು ಮೊದಲ ಹೆಜ್ಜೆ ಮಾತ್ರ, ಏಕೆಂದರೆ ನಕಲು ಮಾಡುವವರು ನಿಜವಾದ ಸಂಖ್ಯೆಯನ್ನೇ ಕದ್ದು ಅಚ್ಚು ಹಾಕುತ್ತಾರೆ. ಅಲ್ಲಿ ಫೋಟೊ ಇದ್ದರೆ ನಾಣ್ಯದ ಮೇಲಿನ ಗೀರು, ಬಣ್ಣದ ಕಲೆಗಳನ್ನು ಒಂದೊಂದಾಗಿ ತಾಳೆ ನೋಡಿ. ಪಿಸಿಜಿಎಸ್ 2020ರಿಂದ ಸ್ಲ್ಯಾಬ್‌ಗಳಲ್ಲಿ ಎನ್‌ಎಫ್‌ಸಿ ಚಿಪ್ ಹಾಕುತ್ತಿದೆ, ಅಂಥವನ್ನು ಫೋನ್ ತಾಗಿಸಿ ಪರೀಕ್ಷಿಸಬಹುದು. ರ‍್ಯಾಟ್ಲರ್‌ನಲ್ಲಿ ಇದ್ಯಾವುದೂ ಇಲ್ಲ. ಗೊತ್ತಿರುವ ವ್ಯಾಪಾರಿಯಿಂದಲೇ ಕೊಳ್ಳಿ.

ಕೊನೆಗೆ ಕಾನೂನಿನದು. ನಮ್ಮಲ್ಲಿರುವ ವಿಕ್ಟೋರಿಯಾ ರೂಪಾಯಿಯನ್ನೋ ವಿಜಯನಗರದ ವರಾಹವನ್ನೋ ಅಮೆರಿಕಕ್ಕೆ ಕಳಿಸಿ ಸ್ಲ್ಯಾಬ್ ಮಾಡಿಸಬಹುದೇ? ಇಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ ಬಿಟ್ಟು ಬೇರೆ ಯಾರೂ ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ, ವಾಪಸ್ ತರಿಸುತ್ತೇನೆ ಎಂದು ಅಂಚೆಗೆ ಹಾಕಿದರೂ ಅದು ರಫ್ತೇ. 1940ರ ದಶಕದ ಜಾರ್ಜ್ ರೂಪಾಯಿಗಳಿಗೆ ಇನ್ನೂ 100 ತುಂಬಿಲ್ಲ. ಹಳೆಯ ನಾಣ್ಯಕ್ಕೆ ಅದರ ಅಳತೆಗೇ ಸರಿಯಾದ ಕ್ಯಾಪ್ಸೂಲ್, ಅಂದರೆ ದುಂಡನೆಯ ಪ್ಲಾಸ್ಟಿಕ್ ಡಬ್ಬಿ ತಂದು ಮನೆಯಲ್ಲೇ ಇಟ್ಟುಕೊಳ್ಳಿ. ಬೆಳ್ಳಿ ರೂಪಾಯಿಗೆ 31 ಮಿಲಿಮೀಟರ್‌ನದು ಹೊಂದುತ್ತದೆ. ಕೊಳ್ಳುವ ಮೊದಲು ವರ್ನಿಯರ್ ಕ್ಯಾಲಿಪರ್‌ನಲ್ಲಿ ನಿಮ್ಮ ನಾಣ್ಯವನ್ನೊಮ್ಮೆ ಅಳೆದುಕೊಳ್ಳಿ.