ನಿಮ್ಮ ಮೂಗಿನ ಮುಂದಿನ ಗಾಳಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಗಾಳಿಯ ಮಾತು ಬಂದ ಕೂಡಲೇ ಯಾರಾದರೊಬ್ಬರು ‘ದೆಹಲಿಗಿಂತ ನಾವು ಎಷ್ಟೋ ವಾಸಿ’ ಅಂತಾರೆ. ಕೇಳಿ ಕೇಳಿ ಸಾಕಾಗಿದೆ. ವಾಸಿ, ಸರಿ. ಆದರೆ ಊರಿನ ಸರಾಸರಿ ಗಾಳಿಯನ್ನು ಯಾರೂ ಉಸಿರಾಡುವುದಿಲ್ಲ. ನಾವು ಎಳೆದುಕೊಳ್ಳುವುದು ಮೂಗಿನ ಮುಂದೆ ಏನಿದೆಯೋ ಅದನ್ನೇ. ನಾನು ಇವತ್ತು ಹೇಳಬೇಕಾಗಿರುವುದು ಇದೊಂದೇ: ಹೊಗೆ ಊರಿಗೆಲ್ಲ ಒಂದೇ ಸಮ ಹರಡಿಲ್ಲ, ಹುಟ್ಟಿದ ಜಾಗದಲ್ಲೇ ಅದು ದಟ್ಟ.

ಎಲ್ಲಿ ಹುಟ್ಟುತ್ತದೆ? ಮೊದಲು ವಾಹನ. ಈ ಊರಲ್ಲಿ ನೋಂದಣಿಯಾದ ವಾಹನಗಳೇ 1 ಕೋಟಿ ದಾಟಿವೆ. ಆಮೇಲೆ ಅವೇ ಚಕ್ರಗಳು ಎಬ್ಬಿಸುವ ರಸ್ತೆ ಧೂಳು, ಕಟ್ಟಡ ಕೆಲಸ, ಕರೆಂಟ್ ಹೋದರೆ ಗುಡುಗುವ ಡೀಸೆಲ್ ಜನರೇಟರ್, ಪೀಣ್ಯದಂಥ ಕಡೆ ಕಾರ್ಖಾನೆ. ಕೊನೆಗೆ ಕಸಕ್ಕೆ ಹಚ್ಚುವ ಬೆಂಕಿ. ಇದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ.

ಒಮ್ಮೆ ಹೈಸ್ಕೂಲ್ ಮಕ್ಕಳನ್ನು ಕರೆದುಕೊಂಡು, ಮಸಿ ಅಳೆಯುವ ಪುಟ್ಟ ಯಂತ್ರವೊಂದನ್ನು ಹಿಡಿದು ಸಿಲ್ಕ್ ಬೋರ್ಡ್ ಜಂಕ್ಷನ್ ಹತ್ತಿರ ಹೋಗಿದ್ದೆ. ಬೆಳಗ್ಗೆ ಒಂಬತ್ತರ ಹೊತ್ತು, ಬಸ್ಸು ಲಾರಿ ಎಲ್ಲ ನಿಂತಲ್ಲೇ ಗುರ್ ಅಂತಿದ್ದವು, ಯಂತ್ರದ ಅಂಕಿ ಏರುತ್ತಲೇ ಇತ್ತು. ಅಲ್ಲಿಂದ ಬಿಟಿಎಂ ಲೇಔಟಿನ ಒಳರಸ್ತೆಗೆ ತಿರುಗಿದೆವು. ಎರಡು ಅಡ್ಡರಸ್ತೆ ದಾಟಿದ್ದೇ ತಡ, ಅಂಕಿ ಸರಸರ ಇಳಿಯಿತು. ಯಂತ್ರ ಹಿಡಿದಿದ್ದ ಹುಡುಗಿಗೆ ನಂಬಿಕೆ ಬರಲಿಲ್ಲ, ‘ಸಾರ್, ಕೆಟ್ಟೋಯ್ತೇನೋ ನೋಡಿ’ ಅಂದಳು. ಕೆಟ್ಟಿಲ್ಲಮ್ಮ, ನಡಿ ಅಂದೆ. ಹಾಗೇ ನಡೆಯುತ್ತಾ ಹೊಂಗೆ ಮರಗಳ ಸಾಲಿಗೆ ಬಂದೆವು. ಎಲೆ ಉದುರುವ ಕಾಲ. ಒಂದು ಮನೆ ಗೇಟಿನ ಪಕ್ಕ ಒಣಗೆಲೆ ಗುಡ್ಡೆ ಹಾಕಿ, ಮೇಲೆ ಎರಡು ಹಾಲಿನ ಕವರ್ ಎಸೆದು ಬೆಂಕಿ ಹಚ್ಚಿದ್ದರು. ದೊಡ್ಡ ಉರಿಯೇನಲ್ಲ, ಸುಮ್ನೆ ಹೊಗೆಯಾಡುತ್ತಿತ್ತು. ಯಂತ್ರದ ಅಂಕಿ ಸಿಲ್ಕ್ ಬೋರ್ಡನ್ನೂ ಮೀರಿಸಿತು! ಒಳಗಿಂದ ಬಂದ ಅಜ್ಜಿ ಕೆಮ್ಮುತ್ತಾ, ‘ಮೇನ್ ರೋಡಿನ ಹೊಗೆ ಇಲ್ಲಿವರೆಗೂ ಬರುತ್ತಪ್ಪ’ ಅಂದರು. ನಾನೇನೂ ಹೇಳಬೇಕಾಗಲಿಲ್ಲ, ಆ ಹುಡುಗಿ ಯಂತ್ರವನ್ನೇ ಅವರ ಮುಂದೆ ಹಿಡಿದಳು. ಅಜ್ಜಿ ಒಂದು ಬಕೆಟ್ ನೀರು ತಂದು ಸುರಿದರು.

ಅದಕ್ಕೇ ಹೇಳುವುದು, ದೂರ ಮುಖ್ಯ. ಹೊಗೆ ಹುಟ್ಟುವ ಜಾಗದಿಂದ ನೂರಿನ್ನೂರು ಮೀಟರ್ ಆಚೆ ಹೋದರೂ ಮಸಿ ಎಷ್ಟೋ ಕಡಿಮೆ. ಈ ಮಸಿಯೂ ಸೇರಿದಂತೆ ಪಿಎಂ 2.5 ಅನ್ನುವ ಸಣ್ಣ ಕಣ ಕೂದಲಿನ ದಪ್ಪದ 20ರಲ್ಲಿ ಒಂದು ಪಾಲೂ ಇರುವುದಿಲ್ಲ, ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣ ವರ್ಷದ ಸರಾಸರಿ 40 ಮೈಕ್ರೋಗ್ರಾಂವರೆಗೆ ಇರಬಹುದು ಅಂತ ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ‘ನಾವು ವಾಸಿ’ ಅನ್ನುವವರು ಈ ಎರಡು ಅಂಕಿಯನ್ನು ಅಕ್ಕಪಕ್ಕ ಇಟ್ಟು ನೋಡಲಿ.

ಚಳಿಗಾಲದ ಬೆಳಗ್ಗೆ ಇನ್ನೂ ಕಷ್ಟ. ತಣ್ಣನೆ ಗಾಳಿ ನೆಲಕ್ಕೆ ಅಂಟಿಕೊಂಡು, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಹೊಗೆಯೆಲ್ಲ ಕೆಳಗೇ ಉಳಿಯುತ್ತದೆ. ವಾಕಿಂಗ್ ಹೋಗುವವರು ದಯವಿಟ್ಟು ಮುಖ್ಯರಸ್ತೆ ಬಿಡಿ, ಒಳಗಿನ ಪಾರ್ಕಿಗೆ ಹೋಗಿ.

ಸಮಯ ಮುಗಿಯುತ್ತಾ ಬಂತು, ಬೇಗ ಬೇಗ ಹೇಳಿಬಿಡುತ್ತೇನೆ. ಎಲೆಗೆ ಬೆಂಕಿ ಬೇಡ, ಗೊಬ್ಬರ ಮಾಡಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಬಸ್ಸು, ಮೆಟ್ರೋ ಇರುವ ಕಡೆ ಅದನ್ನೇ ಹತ್ತಿ. ಇನ್ನೊಂದು, ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಕಾಯುವವರೇ, ಎಂಜಿನ್ ಆಫ್ ಮಾಡಿ. ಒಂದನೇ ಕ್ಲಾಸಿನ ಮಗುವಿನ ಮೂಗು ನಿಮ್ಮ ಸೈಲೆನ್ಸರ್‌ಗೆ ನಿಮಗಿಂತ ಹತ್ತಿರ ಇರುತ್ತದೆ, ಅಲ್ವಾ? ನಮಸ್ಕಾರ.