ಪಾರ್ಕಿಂಗ್ ಸಿಗದವರ 'ಅಳಲು'

ನಮಸ್ಕಾರ. ಮೊನ್ನೆ ಟಿವಿ ಹಾಕಿದೆ. ಕೆಳಗಡೆ ಪಟ್ಟಿ ಓಡುತ್ತಿತ್ತು: "ಪಾರ್ಕಿಂಗ್ ಜಾಗವಿಲ್ಲ, ಸವಾರರ ಅಳಲು." ನನಗೆ ನಗು ಬಂತು. ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಗಾಡಿ ನಿಲ್ಲಿಸೋಕೆ ಜಾಗ ಇಲ್ಲದಿದ್ದರೆ ಅದು ಅಳಲಾ?

ಈ ಮಾತಿನ ಬುಡ ನೋಡಿ. ಹಳಗನ್ನಡದಲ್ಲಿ ಇದು 'ಅೞಲ್'. ಆ ನಡುವಿನ 'ೞ' ಅಕ್ಷರ ನಮ್ಮಲ್ಲಿ ಕಳೆದುಹೋಗಿ 'ಳ' ಆಯಿತು. ತಮಿಳರು ತಮ್ಮ ಭಾಷೆಯ ಹೆಸರಿನ ಕೊನೆಗೆ ನಾಲಿಗೆ ಮಡಚಿ ಹೇಳುತ್ತಾರಲ್ಲ, ಅದೇ ಅಕ್ಷರ. ಅವರಲ್ಲಿ 'ಅೞಲ್' ಅಂದರೆ ಬೆಂಕಿ, ಉರಿ. ಮಲಯಾಳದಲ್ಲಿ ದುಃಖ. ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಮೂಲ ನಿಘಂಟು ಇವನ್ನೆಲ್ಲ ಒಂದೇ ಮನೆಯವು ಅನ್ನುತ್ತದೆ. ಅಂದರೆ ಅಳಲು ಕಣ್ಣೀರಿಗಿಂತ ಹೆಚ್ಚಾಗಿ ಉರಿಗೆ ಸಂಬಂಧಪಟ್ಟ ಮಾತು. ನಾನೇನೂ ಪಂಡಿತ ಅಲ್ಲ. ಆದರೂ ಅಳಲೆಕಾಯಿ ಪಂಡಿತ ಅನ್ನಬೇಡಿ, ಆ ಅಳಲೆ ಬೇರೆ!

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯ ಒಬ್ಬ ತಾಯಿ ಬೆಳೆದ ಮಗನನ್ನು ಕಳೆದುಕೊಂಡರು. ಹೋದವರೆಲ್ಲ ಒಂದೊಂದು ಮಾತು ಹೇಳಿ ಬಂದರು. "ಸಮಾಧಾನ ಮಾಡ್ಕೊಳಮ್ಮ", "ನಮ್ಮ ಕೈಲಿ ಏನಿದೆ". ನಮ್ಮಜ್ಜಿ ಮಾತ್ರ ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಸುಮ್ನೆ ಕೂತು ಎದ್ದು ಬಂದರು. ಯಾಕಜ್ಜಿ ಅಂದೆ. "ಹೊಟ್ಟೆ ಬೆಂದು ಹೋಗಿದೆ ಕಣೋ ಅವಳದ್ದು. ಏನಂತ ಹೇಳ್ಲಿ?"

ಅಜ್ಜಿ 'ಅಳಲು' ಅನ್ನಲಿಲ್ಲ. ಮನೆಮಾತಿನಲ್ಲಿ ಆ ಪದ ಜಾಸ್ತಿ ಬರುವುದೂ ಇಲ್ಲ. ಆದರೆ ಹೇಳಿದ್ದು ಅದನ್ನೇ. ನಾವು ದುಃಖವನ್ನು ಉರಿಯಲ್ಲೇ ಅಳೆಯುವ ಜನ. ನೊಂದು ಬೆಂದವರು ಅನ್ನುತ್ತೇವೆ. ಬೇಗುದಿ ಅನ್ನುತ್ತೇವೆ. ಹರಸುವಾಗ "ನಿನ್ನ ಹೊಟ್ಟೆ ತಣ್ಣಗಿರಲಿ" ಅನ್ನುತ್ತೇವೆ. ಅಂಥ ತಂಪು ಎಲ್ಲಿಂದಲೂ ಬರದ ಸ್ಥಿತಿಗೆ ಇಟ್ಟ ಹೆಸರು ಅಳಲು ಅಂತ ನನ್ನ ಲೆಕ್ಕ. ಪುತ್ರಶೋಕ ನಿರಂತರ ಅಂತಾರಲ್ಲ, ಆ ಜಾತಿಯದು.

ಇನ್ನು 'ತೋಡಿಕೊಳ್ಳುವುದು'. ಬಾವಿ ತೋಡುತ್ತೇವೆ. ಅಷ್ಟು ಆಳದಲ್ಲಿ ಇರುವುದನ್ನು ತೋಡಿ, ನಂಬಿದ ಒಬ್ಬರ ಮುಂದೆ ಇಡುವುದು ಅಳಲು ತೋಡಿಕೊಳ್ಳುವುದು. ಈಗ ಮೈಕ್ ಮುಂದೆ ಯಾರು ಏನು ಹೇಳಿದರೂ "ಅಳಲು ತೋಡಿಕೊಂಡರು". ಟಿಕೆಟ್ ಸಿಗದ ರಾಜಕಾರಣಿ ತೋಡಿಕೊಳ್ಳುತ್ತಾರೆ. ಥಿಯೇಟರ್ ಸಿಗದ ನಿರ್ಮಾಪಕರು ತೋಡಿಕೊಳ್ಳುತ್ತಾರೆ. ರಸ್ತೆ ಗುಂಡಿ ಬಗ್ಗೆಯೂ ತೋಡಿಕೊಳ್ಳುತ್ತಾರೆ, ಅಲ್ಲಿ ಆಗಲೇ ತೋಡಿಟ್ಟಿದ್ದರೂ!

'ಅಳಲು ಶುರು ಮಾಡಿತು ಮಗು' ಅನ್ನುವಾಗಿನ ಅಳಲು ಬೇರೆ, ಅದು ಅಳುವುದು. ಎರಡೂ ಒಂದೇ ಥರ ಕೇಳಿಸುವುದರಿಂದ ಈ ಪದ ಇನ್ನಷ್ಟು ಹಗುರಾಗಿರಬೇಕು.

"ಹಾಗಾದ್ರೆ ರೈತರ ಅಳಲು ಅನ್ನಬಾರದಾ?" ಅಂತ ಕೇಳಬಹುದು. ಅನ್ನಿ. ಕೈಗೆ ಬಂದ ಬೆಳೆ ಒಂದೇ ರಾತ್ರಿ ನೀರಲ್ಲಿ ಕೊಚ್ಚಿಹೋಗಿ, ಮೇಲೆ ಸಾಲವೂ ಇದ್ದರೆ ಅದು ಅಳಲೇ. ಆದರೆ ಅವರಿಗೂ ಪಾರ್ಕಿಂಗ್‌ನವರಿಗೂ ಅದೇ ಪಟ್ಟಿಯಲ್ಲಿ ಅದೇ ಪದ ಓಡಿದರೆ, ಓದುವವರಿಗೆ ಎರಡೂ ಒಂದೇ ಅಲ್ವಾ?

ದೂರು ಇದೆ, ತಕರಾರು ಇದೆ, ಗೊಣಗಾಟ ಇದೆ. ಪಾರ್ಕಿಂಗ್ ಸುದ್ದಿಗೆ 'ದೂರು' ಅಂತ ಹಾಕಿ, ಸ್ವಾಮಿ. ಪಟ್ಟಿಯಲ್ಲಿ ಒಂದು ಅಕ್ಷರದ ಜಾಗವೂ ಉಳಿಯುತ್ತದೆ.