ಬೋರಿನ ನೀರು, ಗಣಿಯ ಧೂಳು

ಕೇಳುಗರೇ, ನಮಸ್ಕಾರ.

ರಾಯಚೂರು ಜಿಲ್ಲೆಯ ಹಟ್ಟಿ ಎಂಬ ಊರಿನ ಸುತ್ತಮುತ್ತ ಚಿನ್ನದ ಗಣಿಯ ತ್ಯಾಜ್ಯದ ಮಾತು ಬಂದರೆ ಜನ ಮೊದಲು ಕೇಳುವುದು ಸೈನೈಡ್ ಬಗ್ಗೆಯೇ. ಹೆದರಿಕೆ ಸುಳ್ಳಲ್ಲ. ನುಣ್ಣಗೆ ಅರೆದ ಅದಿರಿನಿಂದ ಚಿನ್ನ ಕರಗಿಸಲು ಸೈನೈಡ್ ದ್ರಾವಣವೇ ಬೇಕು, ತ್ಯಾಜ್ಯದ ಹೊಂಡಕ್ಕೆ ದನ ಇಳಿಯಬಾರದು, ಮಕ್ಕಳು ಇಳಿಯಬಾರದು. ಆದರೆ ಸೈನೈಡ್ ಇಂಗಾಲ ಮತ್ತು ಸಾರಜನಕ ಸೇರಿ ಆದದ್ದು. ಬಿಸಿಲಿಗೆ, ಗಾಳಿಗೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಸಿಕ್ಕರೆ ದಿನ ಕಳೆದಂತೆ ಒಡೆದುಹೋಗುತ್ತದೆ. ಅದಿರಿನ ಜೊತೆ ಬರುವ ವಿಷ ಆರ್ಸೆನಿಕ್ ಹಾಗಲ್ಲ, ಸೀಸವೂ ಹಾಗಲ್ಲ. ಅವು ಮೂಲವಸ್ತುಗಳು. ನೂರು ವರ್ಷ ಬಿಸಿಲಲ್ಲಿ ಬಿದ್ದರೂ ಒಡೆಯುವುದಿಲ್ಲ. ಮಣ್ಣಿಂದ ನೀರಿಗೆ, ನೀರಿಂದ ಹೊಟ್ಟೆಗೆ ಜಾಗ ಬದಲಿಸುತ್ತವೆ, ಅಷ್ಟೇ. ಇವತ್ತಿನ ಮಾತು ಮುಖ್ಯವಾಗಿ ಆರ್ಸೆನಿಕ್ ಕುರಿತದ್ದು.

ಇದು ಎಲ್ಲಿಂದ ಬರುತ್ತದೆ? ಹಟ್ಟಿಯಿಂದ ಮಸ್ಕಿಯವರೆಗೆ ಹಬ್ಬಿರುವ ಶಿಲಾಪಟ್ಟಿಯಲ್ಲಿ ಚಿನ್ನ ಒಂಟಿಯಾಗಿ ಕೂತಿಲ್ಲ. ಬೆಣಚುಕಲ್ಲಿನ ಎಳೆಗಳ ಜೊತೆ ಆರ್ಸೆನೋಪೈರೈಟ್ ಎಂಬ ಖನಿಜವಿದೆ: ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಸೇರಿದ್ದು. ಚಿನ್ನ ಹುಡುಕುವವರಿಗೆ ಅದು ಒಳ್ಳೆಯ ಗುರುತು, ಏಕೆಂದರೆ ಅದಿದ್ದಲ್ಲಿ ಚಿನ್ನ ಇರುವ ಸಾಧ್ಯತೆ ಹೆಚ್ಚು. ಈ ಪಟ್ಟಿಯಲ್ಲಿ ಚಿನ್ನ ಅರಸಿದ ಇತಿಹಾಸ ಬಹಳ ಹಳೆಯದು. ಹಟ್ಟಿಯ ಪುರಾತನ ಗುಂಡಿಗಳ ಕಾಲ ಸುಮಾರು 2,000 ವರ್ಷ ಹಿಂದಕ್ಕೆ ಹೋಗುತ್ತದೆ. ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡುಹಿಡಿದವನೂ ಚಿನ್ನದ ಗಣಿಯ ಎಂಜಿನಿಯರ್, ಬೀಡನ್ ಎಂಬಾತ.

ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಉಳಿದದ್ದೆಲ್ಲ ಹಿಟ್ಟಿನಂಥ ಪುಡಿಯಾಗಿ ಹೊರಗೆ ಬೀಳುತ್ತದೆ. ಭೂಮಿಯೊಳಗೆ ಗಾಳಿ ತಾಗದೆ ಇದ್ದ ಖನಿಜ ಪುಡಿಯಾಗಿ ಗಾಳಿಗೂ ನೀರಿಗೂ ಒಡ್ಡಿಕೊಂಡಾಗ ತುಕ್ಕು ಹಿಡಿಯುತ್ತದೆ, ಅದರೊಳಗಿನ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಗಣಿ ತ್ಯಾಜ್ಯದ ನೀರು ಎಂದರೆ ಹುಳಿ, ಆಮ್ಲ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಕಡೆ ಈ ಲೆಕ್ಕ ನಂಬುವ ಹಾಗಿಲ್ಲ. ಇಲ್ಲಿನ ಅಂತರ್ಜಲ ಸಾಮಾನ್ಯವಾಗಿ ಕ್ಷಾರದ ಕಡೆಗಿರುತ್ತದೆ. ಆಮ್ಲ ಹುಟ್ಟಿದರೂ ತಣಿದುಹೋಗುತ್ತದೆ, ಆದರೆ ಪಿಎಚ್ (ಹುಳಿ, ಕ್ಷಾರದ ಅಳತೆ; 7 ಇದ್ದರೆ ಎರಡೂ ಅಲ್ಲ) 8 ದಾಟಿದ ನೀರಿನಲ್ಲಿ ಕಬ್ಬಿಣದ ತುಕ್ಕಿಗೆ ಅಂಟಿಕೊಂಡಿದ್ದ ಆರ್ಸೆನಿಕ್ ಕಳಚಿ ನೀರು ಸೇರುತ್ತದೆ. ಅಂದಮೇಲೆ ಪಿಎಚ್ ಚೆನ್ನಾಗಿದೆ ಎಂಬ ವರದಿ ಇಲ್ಲಿ ಸಮಾಧಾನದ ಮಾತಲ್ಲ.

ಇನ್ನೊಂದು ಸಂಗತಿ. ಗಣಿ ಪಕ್ಕದಲ್ಲಿಲ್ಲ, ನಮಗೇನು ಎನ್ನುವಂತಿಲ್ಲ. ಖನಿಜ ಇರುವುದು ಕಲ್ಲಿನಲ್ಲಿ. ಬೋರು ಆ ಎಳೆಯನ್ನು ಹಾದುಹೋದರೆ ಸಾಕು. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಬೋರಿನ ನೀರು ಕುಡಿದವರ ಮೈಮೇಲೆ ಆರ್ಸೆನಿಕ್‌ನ ಗುರುತುಗಳು ಕಂಡುಬಂದಿದ್ದವು. ಅದರ ಸಮೀಪದ ಹಳೆಯ ಚಿನ್ನದ ಗಣಿ, ಮಂಗಳೂರು ಎಂಬ ಊರಿನದು (ಕರಾವಳಿಯ ಮಂಗಳೂರಲ್ಲ), ನಿಂತು ಎಷ್ಟೋ ದಶಕ ಕಳೆದಿತ್ತು.

ಹೀಗಾಗಿ ಪರೀಕ್ಷೆ ಊರಿಗೊಂದಲ್ಲ, ಬೋರಿಗೊಂದು ಆಗಬೇಕು. ಐವತ್ತು ಮೀಟರ್ ಅಂತರದ ಎರಡು ಬೋರುಗಳಲ್ಲಿ ಒಂದು ಕೆಟ್ಟದ್ದು, ಒಂದು ಒಳ್ಳೆಯದು ಇರಬಹುದು. ಆಳಕ್ಕೆ ಹೋದರೆ ಶುದ್ಧ ಎಂಬ ನಂಬಿಕೆಯೂ ಗಟ್ಟಿಕಲ್ಲಿನ ಸೀಮೆಯಲ್ಲಿ ನಡೆಯುವುದಿಲ್ಲ. ಟ್ಯಾಂಕಿನ ನಲ್ಲಿಯಿಂದ ಸ್ಯಾಂಪಲ್ ಹಿಡಿಯುವುದು ದೊಡ್ಡ ತಪ್ಪು. ಉದಾಹರಣೆಗೆ ಮೂರು ಬೋರು ಒಂದೇ ಟ್ಯಾಂಕಿಗೆ ಸಮನಾಗಿ ನೀರು ಕೊಡುತ್ತಿವೆ ಎನ್ನಿ. ಒಂದರಲ್ಲಿ ಲೀಟರಿಗೆ 60 ಮೈಕ್ರೋಗ್ರಾಂ ಆರ್ಸೆನಿಕ್, ಉಳಿದೆರಡರಲ್ಲಿ 3 ಮತ್ತು 4. ಟ್ಯಾಂಕಿನಲ್ಲಿ ಸುಮಾರು 22 ಬರುತ್ತದೆ, ಇಡೀ ಊರಿನ ನೀರು ಕೆಟ್ಟಿದೆ ಎನಿಸುತ್ತದೆ. ಆ ಒಂದು ಬೋರಿನ ವಾಲ್ವ್ ಮುಚ್ಚಿದರೆ ಉಳಿಯುವುದು ಮೂರೂವರೆ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕ ಒಪ್ಪುವ ಮಟ್ಟ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ.

ಸ್ಯಾಂಪಲ್ ಹಿಡಿಯುವ ಕ್ರಮ ಹೀಗೆ. ಮೋಟಾರು ಹತ್ತು ನಿಮಿಷ ಓಡಲಿ. ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು ಹೋಗಿ ಕಲ್ಲಿನ ನೀರು ಬರಬೇಕು. ಕೈಪಂಪಾದರೆ ಐದು ನಿಮಿಷ ಜಗ್ಗಿ. ಅರ್ಧ ಲೀಟರಿನ ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ. ಪ್ರಯೋಗಾಲಯದವರೇ ಆಸಿಡ್ ಹಾಕಿದ ಬಾಟಲಿ ಕೊಟ್ಟಿದ್ದರೆ ಮಾತ್ರ ತೊಳೆಯಬೇಡಿ. ಬರಿ ಬಾಟಲಿಯಾದರೆ ತುಂಬಿದ ಮೇಲೆ ನೈಟ್ರಿಕ್ ಆಸಿಡ್ ಸೇರಿಸಿ ಪಿಎಚ್ 2ಕ್ಕಿಂತ ಕೆಳಗೆ ತರಬೇಕು, ಅದನ್ನು ಪ್ರಯೋಗಾಲಯದ ಸಿಬ್ಬಂದಿಯೇ ಮಾಡಲಿ. ಆಸಿಡ್ ಇಲ್ಲದೆ ಎರಡು ದಿನ ಇಟ್ಟರೆ ನೀರಿನ ಕಬ್ಬಿಣ ಕೆಂಪಗೆ ಕೆಳಗಿಳಿಯುತ್ತದೆ, ಇಳಿಯುವಾಗ ಆರ್ಸೆನಿಕ್ಕನ್ನೂ ಎಳೆದುಕೊಂಡು ಬಾಟಲಿಯ ಗೋಡೆಗೆ ಅಂಟುತ್ತದೆ. ವರದಿಯಲ್ಲಿ ಕಡಿಮೆ ಬರುತ್ತದೆ, ಊರವರು ನಿಶ್ಚಿಂತೆಯಿಂದ ಕುಡಿಯುತ್ತಾರೆ. ಬಾಟಲಿಯ ಮೇಲೆ ಬೋರಿನ ಜಾಗ, ಆಳ, ತಾರೀಖು ಬರೆಯಿರಿ. ಬೇಸಿಗೆಯ ಕೊನೆಗೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ, ವರ್ಷಕ್ಕೆ ಎರಡು ಸಲ ಆಗಲಿ.

ಪ್ರಯೋಗಾಲಯಕ್ಕೆ ಕೊಡುವಾಗ ಅರ್ಜಿಯಲ್ಲಿ ಆರ್ಸೆನಿಕ್ ಎಂದು ಹೆಸರು ಬರೆದು ಕೇಳಿ. ಸುಮ್ಮನೆ ನೀರು ಪರೀಕ್ಷೆ ಎಂದರೆ ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್ ನೋಡಿ ಕಳಿಸಿಬಿಡಬಹುದು. ವರದಿ ಬಂದ ಮೇಲೆ ಎರಡು ಕಡೆ ಕಣ್ಣು ಹಾಯಿಸಿ. ಅಂಕಿ ಮಿಲಿಗ್ರಾಂನಲ್ಲಿದೆಯೋ ಮೈಕ್ರೋಗ್ರಾಂನಲ್ಲಿದೆಯೋ? 0.05 ಎಂಬುದು ಸಣ್ಣದಾಗಿ ಕಂಡರೂ ಮಿತಿಯ ಐದು ಪಟ್ಟು. ಎರಡನೆಯದು, ಪತ್ತೆಯಾಗಿಲ್ಲ ಎಂದು ಬರೆದಿದ್ದರೆ ಆ ಉಪಕರಣದ ಪತ್ತೆ ಮಿತಿ ಎಷ್ಟು ಎಂದು ಕೇಳಿ. ಅದೂ 0.05 ಆಗಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ.

ಊರಲ್ಲೇ ಮಾಡುವ ಕಿಟ್ ಕೂಡ ಇದೆ. ನೀರಿಗೆ ಸತುವಿನ ಪುಡಿ ಮತ್ತು ಆಸಿಡ್ ಪುಡಿ ಹಾಕಿದರೆ ಆರ್ಸೆನಿಕ್ ಅನಿಲವಾಗಿ ಮೇಲೇಳುತ್ತದೆ, ಮುಚ್ಚಳದ ಬಿಳಿ ಕಾಗದ ಹಳದಿಯಾಗಿ, ಹೆಚ್ಚಿದ್ದರೆ ಕಂದಾಗುತ್ತದೆ. ಆ ಅನಿಲವೂ ವಿಷ, ಆದ್ದರಿಂದ ಬಯಲಲ್ಲಿ, ನೆರಳಲ್ಲಿ ಮಾಡಬೇಕು. ಬಿಸಿಲು ಬಿದ್ದರೆ ಕಾಗದದ ಬಣ್ಣವೂ ಕೆಡುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ನೀರಾದರೆ ಗಂಧಕದ ಅನಿಲವೂ ಕಾಗದಕ್ಕೆ ಬಣ್ಣ ಹಚ್ಚಿ ಮೋಸ ಮಾಡುತ್ತದೆ, ಅದನ್ನು ತಡೆಯುವ ಹತ್ತಿ ಕಿಟ್‌ನಲ್ಲಿ ಇರಲೇಬೇಕು. ಲೀಟರಿಗೆ 50 ಮೈಕ್ರೋಗ್ರಾಂಗಿಂತ ಮೇಲಿದ್ದರೆ ಕಿಟ್ ಚೆನ್ನಾಗಿ ಹೇಳುತ್ತದೆ, 10ರ ಆಸುಪಾಸಿನಲ್ಲಿ ಅದರ ಮಾತು ಕೇಳಬೇಡಿ. ಮಿತಿ ಮೀರಿದ ಬೋರಿಗೆ ಕೆಂಪು ಬಣ್ಣ ಬಳಿದು, ಬಟ್ಟೆ, ಸ್ನಾನ, ಶೌಚಕ್ಕೆ ಬಿಡಿ. ಚರ್ಮದ ಮೂಲಕ ಒಳಹೋಗುವುದು ತೀರಾ ಕಡಿಮೆ. ಬೋರನ್ನೇ ಮುಚ್ಚಿ ಜನರನ್ನು ಪರದಾಡಿಸುವ ಅಗತ್ಯವಿಲ್ಲ.

ಈಗ ಬಹುತೇಕ ಊರುಗಳಲ್ಲಿರುವ ಶುದ್ಧ ನೀರಿನ ಘಟಕಕ್ಕೆ ಬರೋಣ. ಘಟಕ ನೋಡಿಕೊಳ್ಳುವವರು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ, ನೋಡಿ ಎಷ್ಟು ಕಡಿಮೆ ಎಂದು ತೋರಿಸುತ್ತಾರೆ. ಅದು ತೋರಿಸುವುದು ಕರಗಿದ ಉಪ್ಪಿನ ಒಟ್ಟು ಲೆಕ್ಕ, ಲೀಟರಿಗೆ ನೂರಾರು ಮಿಲಿಗ್ರಾಂ. ಆರ್ಸೆನಿಕ್ ಮಿತಿಯ ಐದು ಪಟ್ಟಿದ್ದರೂ 0.05 ಮಿಲಿಗ್ರಾಂ, ಆ ಮೀಟರಿಗೆ ಅದು ಕಾಣಿಸುವ ಮಾತೇ ಇಲ್ಲ. ಆರ್‌ಒ ಪೊರೆ, ಅಂದರೆ ಘಟಕದಲ್ಲಿ ನೀರನ್ನು ಒತ್ತಡದಿಂದ ಸೋಸುವ ತೆಳು ಪದರ, ಆರ್ಸೆನಿಕ್ ತಡೆಯುತ್ತದೆ ನಿಜ, ಆದರೆ ಆರ್ಸೆನಿಕ್ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಆಮ್ಲಜನಕ ಸೇರಿದ, ಐದರ ರೂಪವನ್ನು ಪೊರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತಡೆಯುತ್ತದೆ. ಮೂರರ ರೂಪಕ್ಕೆ ವಿದ್ಯುದಂಶ ಇಲ್ಲ, ಅದರಲ್ಲಿ ದೊಡ್ಡ ಪಾಲು ನುಸುಳಿಬಿಡಬಹುದು. ಮೊದಲು ಕ್ಲೋರಿನ್ ಹಾಕಿ ಮೂರನ್ನು ಐದಾಗಿಸಬೇಕು, ಆಮೇಲೆ ಇದ್ದಿಲಿನ ಫಿಲ್ಟರ್ ದಾಟಿಸಿ ಆ ಕ್ಲೋರಿನ್ ತೆಗೆಯಬೇಕು. ಇಲ್ಲದಿದ್ದರೆ ಕ್ಲೋರಿನ್ ಪೊರೆಯನ್ನೇ ತಿನ್ನುತ್ತದೆ. ಖರ್ಚು ಉಳಿಸಲು ಬಿಟ್ಟುಬಿಡುವುದು ಈ ಹಂತವನ್ನೇ. ಒಳ್ಳೆಯ ನೀರಿಗೆ ರುಚಿ ಬರಲೆಂದು ಕಚ್ಚಾ ನೀರು ಬೆರೆಸುವ ಒಂದು ಸಣ್ಣ ವಾಲ್ವ್ ಕೆಲವು ಘಟಕಗಳಲ್ಲಿ ಇರುತ್ತದೆ. ಆರ್ಸೆನಿಕ್ ಇರುವ ಊರಲ್ಲಿ ಅದು ಪೂರ್ತಿ ಮುಚ್ಚಿರಬೇಕು.

ಘಟಕದ ಹಿಂದೆ ಹರಿದುಹೋಗುವ ನೀರನ್ನೂ ನೋಡಿ. ನೂರು ಲೀಟರಿನಲ್ಲಿ 40 ಲೀಟರ್ ಶುದ್ಧ, 60 ಲೀಟರ್ ಹೊರಗೆ ಎಂದಿಟ್ಟುಕೊಳ್ಳಿ. ಬೋರಿನಲ್ಲಿ 50 ಮೈಕ್ರೋಗ್ರಾಂ ಇದ್ದರೆ ಆ ಹೊರನೀರಿನಲ್ಲಿ 80ಕ್ಕಿಂತ ಹೆಚ್ಚಾಗುತ್ತದೆ. ಅದನ್ನು ದನದ ತೊಟ್ಟಿಗೆ ಬಿಡುವುದು, ಸೊಪ್ಪಿನ ಮಡಿಗೆ ಹಾಯಿಸುವುದು ಬೇಡ.

ಫ್ಲೋರೈಡ್ ಫಿಲ್ಟರ್ ಇದೆ, ಅದೇ ಸಾಕು ಎನ್ನುವವರಿಗೆ ಒಂದು ಮಾತು. ಆ ಫಿಲ್ಟರಿನೊಳಗಿನ ಅಲ್ಯುಮಿನಾ ಫ್ಲೋರೈಡ್, ಆರ್ಸೆನಿಕ್ ಎರಡನ್ನೂ ಹಿಡಿಯಬಲ್ಲದು, ಆದರೆ ಅದು ಚೆನ್ನಾಗಿ ಹಿಡಿಯುವುದು ಪಿಎಚ್ ಆರರ ಹತ್ತಿರ ಇದ್ದಾಗ. ನಮ್ಮ ಕ್ಷಾರದ ನೀರಿನಲ್ಲಿ ಬೇಗ ಸೋತುಹೋಗುತ್ತದೆ, ಸೋತದ್ದು ನೋಡಿದರೆ ಗೊತ್ತಾಗುವುದಿಲ್ಲ. ಕುದಿಸುವುದಂತೂ ಉಲ್ಟಾ: ನೀರು ಆವಿಯಾಗುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿದು ಗಾಢವಾಗುತ್ತದೆ.

ಕುಡಿಯಲು ಮಾತ್ರ ಕ್ಯಾನ್ ನೀರು, ಅಡಿಗೆಗೆ ಬೋರಿನ ನೀರು, ಇದು ಮನೆಮನೆಯ ರೂಢಿ. ಇಲ್ಲೇ ಎಡವಟ್ಟು. ಜೋಳದ ಹಿಟ್ಟು ನಾದಲು ಹೆಚ್ಚುಕಡಿಮೆ ಹಿಟ್ಟಿನ ತೂಕದಷ್ಟೇ ಬಿಸಿನೀರು ಹೋಗುತ್ತದೆ. ರೊಟ್ಟಿ ಬೇಯುವಾಗ ನೀರು ಹಾರಿಹೋಗುತ್ತದೆ, ಆರ್ಸೆನಿಕ್ ರೊಟ್ಟಿಯಲ್ಲೇ ಕೂರುತ್ತದೆ. ತೊಗರಿಬೇಳೆ, ಅನ್ನ, ಚಹಾ ಎಲ್ಲಕ್ಕೂ ಇದೇ ಲೆಕ್ಕ. ಹೊಟ್ಟೆಗೆ ಹೋಗುವ ನೀರೆಲ್ಲ ಒಂದೇ ಒಳ್ಳೆಯ ಮೂಲದಿಂದ ಬರಬೇಕು. ಐದು ಜನರ ಮನೆಗೆ, ನಮ್ಮ ಬಿಸಿಲಿನಲ್ಲಿ, ಕುಡಿಯಲು ಮತ್ತು ಅಡಿಗೆಗೆ ದಿನಕ್ಕೆ 30 ಲೀಟರ್ ಸಾಕು. ನದಿಯ ನೀರಿನ ಬಹುಗ್ರಾಮ ಯೋಜನೆ ಬಂದಿರುವ ಕಡೆ ಆ ನಲ್ಲಿಯೇ ಮೊದಲ ಆಯ್ಕೆ. ಅದಕ್ಕೆ ಬೇಕಾದದ್ದು ರೋಗಾಣು ತಡೆಯುವ ಕ್ಲೋರಿನ್ ಕಾವಲು.

ಮಳೆನೀರೂ ಒಂದು ದಾರಿ. ರಾಯಚೂರಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. 50 ಚದರ ಮೀಟರಿನ ಆರ್‌ಸಿಸಿ ಮಾಳಿಗೆಯಿಂದ, ಐದರಲ್ಲಿ ಒಂದು ಪಾಲು ಪೋಲಾದರೂ, 24,000 ಲೀಟರ್ ಸಿಗುತ್ತದೆ. ಮನೆಗೆ ಬೇಕಾದದ್ದು ವರ್ಷಕ್ಕೆ 11,000. ನವೆಂಬರಿನಿಂದ ಮೇವರೆಗಿನ ಏಳು ತಿಂಗಳಿಗೆ 6,500 ಲೀಟರಿನ ಮುಚ್ಚಿದ ತೊಟ್ಟಿ ಬೇಕು. ಪ್ರತಿ ಮಳೆಯ ಮೊದಲ 100 ಲೀಟರ್ ಹೊರಗೆ ಬಿಡಬೇಕು, ತ್ಯಾಜ್ಯದ ದಿಬ್ಬದ ಸಮೀಪದ ಊರಾದರೆ 200. ಹಳೆಯ ಮಣ್ಣಿನ ಮಾಳಿಗೆಗೆ ಈ ಏರ್ಪಾಟು ಆಗುವುದಿಲ್ಲ.

ದಿಬ್ಬ ಎಂದೆ, ಧೂಳಿನ ಮಾತೂ ಆಗಲಿ. ಗಣಿಯ ಪುಡಿ ಮರಳಿನಂತೆ ಕಾಣುತ್ತದೆ, ಪುಕ್ಕಟೆ ಸಿಗುತ್ತದೆ ಎಂದು ಗಿಲಾವಿಗೆ, ಅಂಗಳಕ್ಕೆ, ಮಕ್ಕಳ ಆಟದ ಗುಡ್ಡೆಗೆ ತರಬಾರದು. ನೆಲ ಗುಡಿಸುವ ಮೊದಲು ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಗಣಿ ಕೆಲಸದ ಬಟ್ಟೆ ಬೇರೆ ತೊಳೆಯಿರಿ, ಬೂಟು ಹೊರಗೇ ಇರಲಿ. ತೆವಳುವ ಕೂಸಿನ ಕೈ ದಿನಕ್ಕೆ ಹತ್ತಾರು ಸಲ ಬಾಯಿಗೆ ಹೋಗುತ್ತದೆ. 2010ರಲ್ಲಿ ನೈಜೀರಿಯಾದ ಜಂಫಾರಾ ರಾಜ್ಯದಲ್ಲಿ ಸೀಸ ಬೆರೆತ ಚಿನ್ನದ ಅದಿರನ್ನು ಹಳ್ಳಿಗರು ಹಿಟ್ಟಿನ ಗಿರಣಿಗಳಲ್ಲೇ ಬೀಸಿದರು, ಮನೆಯಂಗಳದಲ್ಲೇ ತೊಳೆದರು. ನಾನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ನಮ್ಮಲ್ಲಿ ಆಭರಣದ ಅಂಗಡಿಯ ಕಸದಿಂದ ಪಾದರಸ ಹಾಕಿ ಚಿನ್ನ ತೆಗೆದು, ಒಲೆಯ ಮೇಲೆ ಸುಡುವವರು ಮುಚ್ಚಿದ ಕೋಣೆಯಲ್ಲಿ ಆ ಕೆಲಸ ಮಾಡಬಾರದು, ಅಡಿಗೆಮನೆಯಲ್ಲಂತೂ ಬೇಡವೇ ಬೇಡ. ಪಾದರಸದ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಮೈಮೇಲಿನ ಗುರುತುಗಳು ತಡವಾಗಿ, ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಆ ನೀರು ಕುಡಿದ ಮೇಲೆ ಬರುತ್ತವೆ. ಎದೆ, ಬೆನ್ನಿನ ಮೇಲೆ ಧೂಳು ನೆಲಕ್ಕೆ ಮಳೆಹನಿ ಬಿದ್ದಂತೆ ಕಪ್ಪು, ಬಿಳಿ ಚುಕ್ಕೆ. ಅಂಗೈ, ಅಂಗಾಲಿನಲ್ಲಿ ಕಾಳಿನಂಥ ಗಟ್ಟಿ ಗಂಟು. ದುಡಿಯುವ ಕೈ, ಜಡ್ಡುಗಟ್ಟಿದೆ ಎಂದು ಬಿಟ್ಟುಬಿಡುತ್ತಾರೆ. ಜಡ್ಡು ಹಿಡಿಕೆ ತಾಗುವಲ್ಲಿ ಮಾತ್ರ ಬರುತ್ತದೆ. ಇದು ಎರಡೂ ಕೈಗೆ, ಎರಡೂ ಕಾಲಿಗೆ ಬರುತ್ತದೆ. ಕುಷ್ಠ ಎಂದು ಹೆದರಿ ಮುಚ್ಚಿಡುವವರೂ ಇದ್ದಾರೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ, ಇಲ್ಲಿ ಗೊತ್ತಾಗುತ್ತದೆ, ಮತ್ತು ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಗಂಟು ಒಡೆದು ಹುಣ್ಣಾಗಿ ಮಾಯದಿದ್ದರೆ ತಡಮಾಡದೆ ಚರ್ಮವೈದ್ಯರಿಗೆ ತೋರಿಸಿ, ಕ್ಯಾನ್ಸರ್ ಶುರುವಾಗುವುದು ಅಲ್ಲೇ. ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರಿಗೂ ಆರ್ಸೆನಿಕ್ ಕಾರಣ. ಬೀಡಿ ಸೇದುವವರಿಗೆ ಅಪಾಯ ಇನ್ನೂ ಹೆಚ್ಚು.

ಇದನ್ನು ಮೈಯಿಂದ ತೊಳೆದು ತೆಗೆಯುವ ಮದ್ದು ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ನೀರು ಬದಲಿಸುವುದೇ ಮೊದಲ ಚಿಕಿತ್ಸೆ. ಬೇಳೆ, ಮೊಟ್ಟೆ, ಹಾಲು, ಸೊಪ್ಪು ಚೆನ್ನಾಗಿ ತಿಂದರೆ ದೇಹವೇ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಮೂತ್ರ ಪರೀಕ್ಷೆಗೆ ಮೂರು ನಾಲ್ಕು ದಿನ ಮೊದಲು ಸಮುದ್ರದ ಮೀನು ತಿನ್ನಬೇಡಿ, ಅದರಲ್ಲಿನ ನಿರುಪದ್ರವಿ ಆರ್ಸೆನಿಕ್ ಲೆಕ್ಕ ಕೆಡಿಸುತ್ತದೆ. ಆ ಪರೀಕ್ಷೆ ತೋರಿಸುವುದು ಹಿಂದಿನ ಕೆಲವೇ ದಿನಗಳ ಲೆಕ್ಕವನ್ನು. ವಾರದ ಹಿಂದೆ ನೀರು ಬದಲಿಸಿದ್ದರೆ ವರದಿಯಲ್ಲಿ ಏನೂ ತೊಂದರೆ ಇಲ್ಲವೆಂದೇ ಬರುತ್ತದೆ. ಹಳೆಯ ತಿಂಗಳುಗಳ ಲೆಕ್ಕ ಬೇಕಾದರೆ ಉಗುರು, ಕೂದಲು ನೋಡಬೇಕು. ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ಎಷ್ಟು ವರ್ಷ ಯಾವ ಬೋರಿನ ನೀರು ಕುಡಿದಿರಿ, ಯಾವಾಗ ಬಿಟ್ಟಿರಿ ಎಂದು ಒಂದು ಚೀಟಿಯಲ್ಲಿ ಬರೆದು, ಆ ಬೋರಿನ ವರದಿಯ ಜೊತೆ ಒಯ್ಯಿರಿ. ಮನೆಯ ಒಬ್ಬರಿಗೆ ಗುರುತು ಕಂಡರೆ ಅದೇ ಕೊಡದ ನೀರು ಕುಡಿದ ಎಲ್ಲರನ್ನೂ ಕರೆದೊಯ್ಯಿರಿ.

ನಮಸ್ಕಾರ.